ಇದು ಟೈಂಪಾಸ್ ಅಲ್ಲ

ಅಮೆರಿಕದ ಚುನಾವಣೆ ಫಲಿತಾಂಶ ನೋಡಲು ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಟಿವಿ ಮುಂದೆ ಕೂರುವುದು ‘ಬರೀ ಟೈಂಪಾಸ್’ ಎಂದು ನಿಮ್ಮಲ್ಲಿ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಕುಮಟಾದ ಅಘನಾಶಿನಿ ದಂಡೆಯಲ್ಲಿ ನಮ್ಮದು ಸಿಗಡಿ ಕೆರೆ. ಭಾರತದ ಸಿಗಡಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಅಮೆರಿಕ. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದರು, 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಶೇ 50 ಸುಂಕ ಬಿತ್ತು. ಆ ಸಲದ ಬೆಳೆ ನೋಡಲು ಬಂದ ಏಜೆಂಟರು ಬಲೆ ಬೀಸಿ, ಒಂದು ಕೆಜಿ ತೂಗಿ, ಎಷ್ಟು ಸಿಗಡಿ ಕೂತವು ಅಂತ ಎಣಿಸಿದರು. ಕೌಂಟ್ ಚೆನ್ನಾಗಿಯೇ ಇತ್ತು, ಅಂದರೆ ಸಿಗಡಿ ದಪ್ಪವಾಗಿದ್ದವು. ದರ ಮಾತ್ರ ಹೇಳಲಿಲ್ಲ. ‘ಅಮೆರಿಕದ ಆರ್ಡರ್ ನಿಂತಿದೆ, ಸ್ವಲ್ಪ ತಡೀರಿ’ ಎಂದರು. ತಡೆಯುವುದು ಹೇಗೆ? ದಿನಾ ಫೀಡ್ ಹಾಕಲೇಬೇಕು, ನೀರಿಗೆ ಗಾಳಿ ಬೆರೆಸುವ ಏರೇಟರ್ ತಿರುಗಲೇಬೇಕು, ಕರೆಂಟ್ ಬಿಲ್ ಕಾಯುವುದಿಲ್ಲ ಅಲ್ವಾ?

ಘಟ್ಟದ ಮೇಲೂ ಅಷ್ಟೇ. ಅಮೆರಿಕದಲ್ಲಿ ಕೆಲಸ ಮಾಡಲು ಮಕ್ಕಳಿಗೆ ಬೇಕಾಗುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದಾಗ ಶಿರಸಿ ಕಡೆಯ ಎಷ್ಟೋ ಅಪ್ಪ ಅಮ್ಮಂದಿರಿಗೆ ನಿದ್ದೆ ಬರಲಿಲ್ಲ.

ಅಲ್ಲಿನ ಅಭ್ಯರ್ಥಿಗಾಗಿ ಇಲ್ಲಿ ನೆಂಟರ ಜತೆ ಸುಮ್ನೆ ಜಗಳ ಬೇಡ ಎಂಬ ಲೇಖಕರ ಮಾತು ಸರಿ. ಆದರೆ ನಮಗೆ ಓಟಿಲ್ಲ ಅಂತ ಆತಂಕವೂ ಇರಬಾರದೇ? ಮುಂದಿನ ಸಲ ಯಾರು ಗೆದ್ದರೆ ಸುಂಕ ಏನಾಗಬಹುದು ಅಂತ ಬರೆಯಿರಿ. ಇಲ್ಲಿ ಓದುವವರು ಜಾಸ್ತಿ ಇದ್ದಾರೆ.