ಗೋಪುರ ನೋಡಿ ವಾಪಸ್ ಬರಬೇಡಿ

ಇಟಲಿಯ ಟಸ್ಕನಿಯ ಪುಟ್ಟ ಊರು ಸ್ಯಾನ್ ಜಿಮಿನ್ಯಾನೊ ಅಂದರೆ ಗೋಪುರಗಳು, ಅರ್ಧ ದಿನ ಸಾಕು ಅಂತ ನಿಮ್ಮ ಪ್ರವಾಸ ಬರಹದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಕಾಲದಲ್ಲಿ 70ಕ್ಕೂ ಜಾಸ್ತಿ ಇದ್ದ ಗೋಪುರಗಳಲ್ಲಿ 14 ಉಳಿದಿವೆ, ಚೆಂದವಾಗಿವೆ, ನಿಜ. ಆದರೆ ಊರಿನ ಇನ್ನೊಂದು ತುದಿಯ ಸಾಂತ್ ಅಗೊಸ್ತಿನೊ ಚರ್ಚಿಗೆ ಹೋಗಲೇಬೇಕು. ಹೊರಗಿನಿಂದ ತೀರಾ ಸಾದಾ ಕಟ್ಟಡ. ಒಳಗೆ, ಬಲಿಪೀಠದ ಹಿಂದಿನ ಗೋಡೆಗಳ ತುಂಬ ಚಿತ್ರಕಾರ ಬೆನೊತ್ಸೊ ಗೊತ್ಸೊಲಿ 1464-65ರಲ್ಲಿ ಬಿಡಿಸಿದ ಸಂತ ಅಗಸ್ಟೀನನ ಬದುಕಿನ 17 ಚಿತ್ರಗಳಿವೆ, ಮೊದಲನೆಯದರಲ್ಲೇ ಅಪ್ಪ ಅಮ್ಮ ಪುಟ್ಟ ಹುಡುಗನನ್ನು ಶಾಲೆಗೆ ಬಿಡುತ್ತಿದ್ದಾರೆ, ಪಕ್ಕದಲ್ಲಿ ಮೇಷ್ಟ್ರು ಇನ್ನೊಂದು ಮಗುವಿಗೆ ಹೊಡೆಯುತ್ತಿದ್ದಾರೆ! ಯಾವ ಊರಿನವರಿಗಾದರೂ ಅರ್ಥವಾಗುವ ಚಿತ್ರ ಅಲ್ವಾ? ಅದೇ ಚರ್ಚಿನಲ್ಲಿ ಪ್ಲೇಗಿನ ಸಮಯದಲ್ಲಿ ಬರೆಸಿದ, ಆ ರೋಗದಿಂದ ಕಾಯುತ್ತಾನೆಂದು ಜನ ನಂಬಿದ್ದ ಸಂತ ಸೆಬಾಸ್ಟಿಯನ್ ಚಿತ್ರವೂ ಇದೆ. ಮೇಲಿನಿಂದ ಪ್ಲೇಗಿನ ಬಾಣಗಳು ಬೀಳುತ್ತಿವೆ, ಜನ ಅವನ ಮೇಲಂಗಿಯ ಕೆಳಗೆ ಗುಂಪಾಗಿ ಕುಳಿತಿದ್ದಾರೆ. ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ನಿಮ್ಮ ಬರಹದಲ್ಲಿ ಊರಿನ ಕೋಟೆಯ ಮಾತೇ ಇಲ್ಲವಲ್ಲ? 1348ರ ಪ್ಲೇಗಿನಲ್ಲಿ ಸೊರಗಿದ ಊರು 1353ರಲ್ಲಿ ಫ್ಲಾರೆನ್ಸ್‌ ಕೈಗೆ ಹೋಯಿತು, ಆಮೇಲೆ ಫ್ಲಾರೆನ್ಸ್‌ನವರು ಕಟ್ಟಿಸಿದ್ದು ಈ ರೊಕ್ಕಾ ಕೋಟೆ. ಈಗ ಉಳಿದಿರುವುದು ಒಂದಿಷ್ಟು ಗೋಡೆ, ಒಳಗೊಂದು ತೋಟ. ಅಲ್ಲಿ ಸುಮ್ನೆ ಕುಳಿತು ಗೋಪುರಗಳನ್ನು ನೋಡಿ.