ಮೂಗಿಗೆ ತುಪ್ಪ, ಬೂಷ್ಟಿಗೆ ಅತ್ತರು

ಎಸಿ ಹಾಕಿದ ಕೂಡಲೇ ಕಾರಿನ ತುಂಬ ಒದ್ದೆ ಸಾಕ್ಸಿನ ವಾಸನೆ ಹರಡಿದರೆ ಏನು ಮಾಡಬೇಕು? ಯಾವ ವಿಷಯದಲ್ಲೂ ಒಂದಾಗದ ಮನುಷ್ಯಕುಲ ಈ ಪ್ರಶ್ನೆಗೆ ಮಾತ್ರ ಒಮ್ಮತದ ಉತ್ತರ ಕಂಡುಕೊಂಡಿದೆ: ಸಾಕ್ಸಿಗೆ ಮಲ್ಲಿಗೆ ಮುಡಿಸಬೇಕು. ವೆಂಟಿಗೆ ಸಿಕ್ಕಿಸುವ ಕ್ಲಿಪ್ಪು, ಕನ್ನಡಿಗೆ ನೇತುಬಿಡುವ ರಟ್ಟಿನ ಮರ, ಡ್ಯಾಶ್‌ಬೋರ್ಡಿನ ಮೇಲೆ ಪೀಠ ಹಾಕಿ ಕೂರಿಸುವ ಜೆಲ್ ಡಬ್ಬಿ, ಸೀಟಿನಡಿ ಬಚ್ಚಿಡುವ ಪೊಟ್ಟಣ. ನಾಲ್ಕು ದಿಕ್ಕಿನಿಂದ ಹೀಗೆ ಮುತ್ತಿಗೆ ಹಾಕಿದ ಮೇಲೂ ವಾಸನೆ ಸೋಲುವುದಿಲ್ಲ. ನಿಂಬೆ ತೋಟದಲ್ಲಿ ಯಾರೋ ಸಾಕ್ಸು ಒಣಹಾಕಿದಂತೆ ಎರಡೂ ಒಟ್ಟಿಗೇ ಬರುತ್ತವೆ, ಅಷ್ಟೇ.

ಈ ವ್ಯಾಪಾರದ ಪರಮ ಸಾಧನೆ ‘ಹೊಸ ಕಾರಿನ ಪರಿಮಳ’ ಎಂಬ ಬಾಟಲಿ. ಹೊಸ ಕಾರಿನ ವಾಸನೆ ಎಂದರೆ ಪ್ಲಾಸ್ಟಿಕ್ಕು, ಅಂಟು, ಫೋಮು, ಸೀಟಿನ ಹೊದಿಕೆಗಳಿಂದ ಆವಿಯಾಗಿ ಹೊರಬರುವ ರಾಸಾಯನಿಕಗಳು. ಅವು ಬೇಗ ಹೋಗಲೆಂದು ಕಿಟಕಿ ಇಳಿಸಿ ಓಡಿಸುವುದು ತಿಳಿದವರ ಪದ್ಧತಿ. ಅಯ್ಯೋ, ಹೋಗಿಯೇಬಿಟ್ಟಿತಲ್ಲ ಎಂದು ಕಾಸು ಕೊಟ್ಟು ವಾಪಸು ಕರೆತರುವುದು ಉಳಿದವರ ಪದ್ಧತಿ.

ಇತ್ತ ವಾಸನೆಯ ಅಸಲಿ ವಾರಸುದಾರರು ಡ್ಯಾಶ್‌ಬೋರ್ಡಿನ ಹಿಂದೆ ನೆಮ್ಮದಿಯಾಗಿದ್ದಾರೆ. ಅಲ್ಲೊಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಇವ್ಯಾಪೊರೇಟರ್ ಕಾಯಿಲ್. ಒತ್ತೊತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ರೆಕ್ಕೆಗಳ ಈ ಭಾಗ ಎಸಿ ಓಡುವಾಗ ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲಿರುತ್ತದೆ. ಬ್ಲೋವರ್ ನೂಕಿದ ಗಾಳಿ ಅದರ ಸಂದಿನಲ್ಲಿ ಹಾಯುವಾಗ ಗಾಳಿಯ ತೇವ ಹನಿಗಟ್ಟುತ್ತದೆ. ಆ ಹನಿಗೆ ಧೂಳು, ಪರಾಗ, ಬಟ್ಟೆಯ ನೂಲು, ಕೂತವರ ಮೈಯಿಂದ ಉದುರಿದ ಚರ್ಮದ ಹೊಟ್ಟು ಅಂಟಿಕೊಳ್ಳುತ್ತವೆ. ಕತ್ತಲೆ ಇದೆ, ನೀರಿದೆ, ಊಟವಿದೆ, ಕಾರು ನಿಂತ ಮೇಲೆ ಹಿತವಾದ ಬಿಸಿಯೂ ಇದೆ. ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಇಷ್ಟು ಸೌಲಭ್ಯದ ಬಡಾವಣೆಯನ್ನು ಯಾವ ಸರ್ಕಾರವೂ ಕಟ್ಟಿಕೊಟ್ಟಿಲ್ಲ. ಕೆಲವು ತಯಾರಕರು ರೆಕ್ಕೆಗಳಿಗೆ ಬೂಷ್ಟು ತಡೆಯುವ ಲೇಪ ಕೊಡುತ್ತಾರೆ, ನಿಜ. ಆದರೆ ಲೇಪದ ಮೇಲೆ ಒಂದು ಪದರ ಕೊಳೆ ಕೂತಿತೆಂದರೆ ಬೂಷ್ಟಿಗೂ ಲೇಪಕ್ಕೂ ಮುಖಾಮುಖಿಯೇ ಆಗುವುದಿಲ್ಲ.

ಬಡಾವಣೆಯ ಯೋಗಕ್ಷೇಮ ಕಾರಿನ ಮಾಲೀಕರ ಹೊಣೆ. ಅದನ್ನವರು ಶ್ರದ್ಧೆಯಿಂದ ನಿಭಾಯಿಸುತ್ತಾರೆ. ಮೊದಲ ಸೇವೆ, ಕಾರಿನ ಚಿತ್ರದೊಳಗೆ ಬಾಣ ಸುತ್ತು ಹೊಡೆಯುವ ಆ ಗುಂಡಿ. ಅದರ ಹೆಸರು ರೀಸರ್ಕ್ಯುಲೇಶನ್, ಹೊರಗಾಳಿ ತಡೆದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವುದು ಅದರ ಕೆಲಸ. ಅದಿರುವುದು ಬಿಸಿಲಲ್ಲಿ ನಿಂತ ಕಾರನ್ನು ಬೇಗ ತಂಪು ಮಾಡಲು, ಹೊಗೆ ಕಾರುವ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಉಸಿರು ಉಳಿಸಿಕೊಳ್ಳಲು. ನಮ್ಮವರು ಕಾರು ಕೊಂಡ ದಿನ ಅದನ್ನು ಒತ್ತಿದರೆ ಮುಗಿಯಿತು, ಮಾರುವ ದಿನದವರೆಗೆ ಆ ದೀಪ ಆರುವುದಿಲ್ಲ. ಐದು ಜನರ ಉಸಿರಿನ ತೇವ, ಒದ್ದೆ ಚಪ್ಪಲಿಯ ತೇವ, ಎಲ್ಲವೂ ಒಳಗೇ ಸುತ್ತಿ ಸುತ್ತಿ ಕಾಯಿಲಿಗೇ ಬಂದು ಸೇರುತ್ತದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಏರಿ ದೂರದ ದಾರಿಯಲ್ಲಿ ಚಾಲಕನಿಗೆ ತೂಕಡಿಕೆ. ಕೇಳಿದರೆ ‘ಹೊರಗಿನ ಗಾಳಿಯಲ್ಲಿ ಧೂಳು ಸ್ವಾಮಿ’ ಎನ್ನುತ್ತಾರೆ. ಆ ಧೂಳಿಗೆಂದೇ ಇಟ್ಟ ಫಿಲ್ಟರಿನ ಕಥೆಗೆ ಆಮೇಲೆ ಬರೋಣ.

ಎರಡನೆಯ ಸೇವೆ ಇನ್ನೂ ಘನವಾದದ್ದು. ಮನೆ ಬಾಗಿಲವರೆಗೆ ಎಸಿ ಭರ್ತಿ ಓಡಿಸಿ, ನಿಂತ ಕ್ಷಣವೇ ಕೀಲಿ ತಿರುಗಿಸಿ ಇಳಿಯುವುದು. ಕಾಯಿಲು ತೊಯ್ದು ತೊಪ್ಪೆಯಾಗಿರುವಾಗಲೇ ಬಾಗಿಲು ಮುಚ್ಚಿ, ಬೂಷ್ಟಿಗೆ ಇಡೀ ರಾತ್ರಿ ಬಿಟ್ಟುಕೊಟ್ಟಂತಾಯಿತು. ತಲುಪಲು ಐದು ನಿಮಿಷ ಇರುವಾಗ ಎ/ಸಿ ಗುಂಡಿ ಆರಿಸಿ, ಹೊರಗಾಳಿಗೆ ತಿರುಗಿಸಿ, ಫ್ಯಾನನ್ನು ಮೂರನೆಯ ವೇಗದಲ್ಲಿ ಬಿಟ್ಟರೆ ರೆಕ್ಕೆಗಳ ಮೇಲಿನ ನೀರು ಬಹುಪಾಲು ಹಾರಿಹೋಗುತ್ತದೆ. ಆಗ ಮುಖಕ್ಕೆ ಬಡಿಯುವ ಸೆಕೆಗಾಳಿ ಹೊರಟುಹೋಗುತ್ತಿರುವ ಆ ನೀರೇ. ಗಾಳಿಯನ್ನು ಮುಖಕ್ಕೋ ಕಾಲಿಗೋ ಬಿಟ್ಟುಕೊಳ್ಳಿ. ಮುಂಗಾಜಿನ ಡಿಫ್ರಾಸ್ಟಿಗೆ ಹಾಕಿದರೆ ಎಷ್ಟೋ ಕಾರುಗಳಲ್ಲಿ ಕಾಯಿಲನ್ನು ತಂಪಾಗಿಸುವ ಕಂಪ್ರೆಸರ್ ತಾನಾಗಿಯೇ ಚಾಲೂ ಆಗಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಳೆಯಲ್ಲಿ ಹೀಗೆ ಮಾಡುವಾಗ ಗಾಜು ಮಂಜಾಗಬಹುದು, ರಸ್ತೆ ಕಾಣದಿದ್ದರೆ ಒಣಗಿಸುವ ವ್ರತವನ್ನು ಅಂದಿಗೆ ಬಿಡಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೆ ಫ್ಯಾನ್ ತಾನೇ ಸ್ವಲ್ಪ ಹೊತ್ತು ತಿರುಗಿ ಕಾಯಿಲನ್ನು ಒಣಗಿಸುತ್ತದೆ. ಅದರ ಸದ್ದಿಗೆ ಹೌಹಾರಿ ‘ಬ್ಯಾಟರಿ ಖಾಲಿಯಾಗುತ್ತದೆ, ಇದನ್ನು ನಿಲ್ಲಿಸಿಕೊಡಿ’ ಎನ್ನುವವರೂ ಉಂಟು. ಇಷ್ಟಕ್ಕೂ ಈ ಐದು ನಿಮಿಷದ ಉಪಾಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಬಾಟಲಿಗೆ ತುಂಬಲು ಬರದ್ದನ್ನು ಯಾರು ತಾನೇ ಜಾಹೀರು ಮಾಡುತ್ತಾರೆ?

ಈಗ ಫಿಲ್ಟರು. ಕ್ಯಾಬಿನ್ ಫಿಲ್ಟರ್ ಎಂಬುದೊಂದಿದೆ ಎಂದು ಗೊತ್ತಿಲ್ಲದೆ ಆಯುಷ್ಯ ಮುಗಿಸಿದ ಕಾರುಗಳೆಷ್ಟೋ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ, ಅಂದರೆ ಪರ್ಫ್ಯೂಮಿನ ಹಳೇ ಬಾಟಲಿಗಳನ್ನು ಕೂಡಿಡುವ ಜಾಗಕ್ಕೆ ಗೇಣು ದೂರದಲ್ಲಿ. ಬಾಕ್ಸು ಖಾಲಿ ಮಾಡಿ, ಎರಡೂ ಪಕ್ಕದ ಗೋಡೆಯನ್ನು ಒಳಕ್ಕೆ ಒತ್ತಿದರೆ ತಡೆಗಳು ತಪ್ಪಿ ಬಾಕ್ಸು ಪೂರ್ತಿ ಕೆಳಕ್ಕೆ ಇಳಿಯುತ್ತದೆ. ಪಕ್ಕದಲ್ಲಿ, ಬಾಕ್ಸು ಧಡಕ್ಕನೆ ಬೀಳದಂತೆ ತಡೆಯುವ ಸಣ್ಣ ಡ್ಯಾಂಪರ್ ದಾರವೋ ಕಡ್ಡಿಯೋ ಇದ್ದರೆ ಮೊದಲು ಅದನ್ನು ಬಿಡಿಸಿ, ಎಳೆದರೆ ಮುರಿಯುತ್ತದೆ. ಹಿಂದೆ ಕಾಣುವ ಚೌಕದ ಮುಚ್ಚಳದ ಕ್ಲಿಪ್ಪು ಒತ್ತಿ ಫಿಲ್ಟರನ್ನು ಮೆಲ್ಲನೆ ಹೊರಗೆಳೆಯಿರಿ. ಮೆಲ್ಲನೆ ಎಂದದ್ದು ಏಕೆಂದರೆ ಮಡಿಕೆಗಳಲ್ಲಿ ಕೂತ ಒಣ ಎಲೆ, ಕೀಟದ ರೆಕ್ಕೆ, ಬೂದು ಧೂಳು ಎಲ್ಲವೂ ಜಗ್ಗಿದ ರಭಸಕ್ಕೆ ಬ್ಲೋವರಿನ ಬಾಯಿಗೆ ಉದುರುತ್ತವೆ. ಹೊಸದನ್ನು ಹಾಕುವಾಗ ಅದರ ಅಂಚಿನ ಬಾಣ ಗಾಳಿ ಹರಿಯುವ ದಿಕ್ಕಿಗಿರಲಿ. ಸೊಟ್ಟಗೆ ತುರುಕಿದರೆ ಪಕ್ಕದ ಸಂದಿನಿಂದ ಧೂಳು ನೆಟ್ಟಗೆ ಕಾಯಿಲಿಗೆ ಹೋಗುತ್ತದೆ, ಫಿಲ್ಟರು ಮಾತ್ರ ವರ್ಷವಾದರೂ ಹೊಸದರಂತೆ ಥಳಥಳಿಸುತ್ತದೆ. ಅದನ್ನು ನೋಡಿ ‘ನಮ್ಮೂರಿನ ಗಾಳಿ ಎಷ್ಟು ಶುದ್ಧ’ ಎಂದು ಹೆಮ್ಮೆಪಡಬೇಡಿ.

ವರ್ಷಕ್ಕೊಮ್ಮೆ ಅಥವಾ 15,000 ಕಿಲೋಮೀಟರಿಗೊಮ್ಮೆ ಬದಲಿಸಿ, ಧೂಳಿನ ದಾರಿಯಾದರೆ ಇನ್ನೂ ಬೇಗ. ತೊಳೆದು ಮತ್ತೆ ಹಾಕುವ ಜಾಣತನವೂ ಚಾಲ್ತಿಯಲ್ಲಿದೆ. ಸಾಮಾನ್ಯ ಫಿಲ್ಟರಿನ ಬಟ್ಟೆ ತೊಳೆದರೆ ಹಿಡಿತ ಕಳೆದುಕೊಳ್ಳುತ್ತದೆ, ಅರ್ಧ ಒಣಗಿಸಿ ಸೇರಿಸಿದರೆ ಅದೇ ಬೂಷ್ಟಿನ ಎರಡನೆಯ ಬಡಾವಣೆ. ಇದ್ದಿಲು ಸೇರಿಸಿದ ಕಾರ್ಬನ್ ಫಿಲ್ಟರು ರಸ್ತೆಯ ಹೊಗೆವಾಸನೆಯನ್ನು ಚೆನ್ನಾಗಿ ಹೀರುತ್ತದೆ. ಆದರೆ ಗಾಳಿ ಮೊದಲು ಫಿಲ್ಟರು ದಾಟಿ ಆಮೇಲೆ ಕಾಯಿಲಿಗೆ ಹೋಗುವುದರಿಂದ, ಕಾಯಿಲಿನಲ್ಲೇ ಹುಟ್ಟುವ ನಾತವನ್ನು ಅದು ಹಿಡಿಯಲಾರದು. ವರ್ಷವಿಡೀ ನೇತುಹಾಕುವ ಪರ್ಫ್ಯೂಮಿನ ಲೆಕ್ಕ ಬರೆದಿಟ್ಟರೆ ಫಿಲ್ಟರಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಮೂಗಿಗಿಂತ ಮೂಗುತಿ ಭಾರ. ಹಾಗೇ ವೈಪರ್ ಬುಡದ ಜಾಲರಿಯಲ್ಲಿ ಕೊಳೆಯುತ್ತಿರುವ ಎಲೆಗಳನ್ನೂ ಬಾಚಿ ತೆಗೆಯಿರಿ, ಹೊರಗಾಳಿ ಒಳಗೆ ಬರುವುದೇ ಆ ಬಾಗಿಲಿಂದ. ಇಲಿಗಳಿಗೂ ಆ ದಾರಿ ಗೊತ್ತು.

ಇಷ್ಟಕ್ಕೂ ಜಗ್ಗದ ವಾಸನೆಯನ್ನು ಸರ್ವಿಸ್ ಸೆಂಟರಿಗೆ ಒಯ್ದರೆ ಬಿಲ್ಲಿನಲ್ಲಿ ‘ಎಸಿ ಸ್ಯಾನಿಟೈಸೇಶನ್’ ಎಂಬ ಸಾಲು ಮೂಡುತ್ತದೆ. ಬಹಳ ಕಡೆ ಇದರ ಅರ್ಥ, ಮುಂದಿನ ಸೀಟಿನ ಕೆಳಗೆ ಒಂದು ಫಾಗ್ ಕ್ಯಾನ್ ಇಟ್ಟು ಗುಂಡಿ ಒತ್ತಿ, ರೀಸರ್ಕ್ಯುಲೇಶನ್ ಹಾಕಿ, ಹತ್ತು ನಿಮಿಷ ಬಾಗಿಲು ಮುಚ್ಚುವುದು. ಮಂಜು ಏಳುತ್ತದೆ, ದೃಶ್ಯ ಅಮೋಘ. ಕಾಯಿಲಿನ ಮೇಲ್ಮೈಯ ಒಂದಷ್ಟು ಬೂಷ್ಟು ಸಾಯುವುದೂ ಹೌದು, ಆದರೆ ಕೊಳೆಯ ಪದರ ಇದ್ದಲ್ಲೇ ಇರುತ್ತದೆ. ಸತ್ತವರ ಜಾಗಕ್ಕೆ ಅವರ ಬಂಧುಗಳು ಬರಲು ತಡವಿಲ್ಲ. ಹಳೇ ಫಿಲ್ಟರು ತೆಗೆಯದೆ ಬಿಟ್ಟಿದ್ದರೆ ಮಂಜಿನ ಬಹುಪಾಲನ್ನು ಅದೇ ಕುಡಿದುಬಿಡುತ್ತದೆ. ಅದಕ್ಕೂ ಮಿಗಿಲಾದ ಪವಾಡ, ವಾಸನೆಗೆ ಎಸಿ ಗ್ಯಾಸ್ ತುಂಬಿಸುವುದು. ಗ್ಯಾಸು ಮೊಹರು ಮಾಡಿದ ಕೊಳವೆಯೊಳಗೆ ಸುತ್ತುತ್ತದೆ, ನೀವು ಉಸಿರಾಡುವ ಗಾಳಿಯನ್ನು ಅದು ಮುಟ್ಟುವುದೇ ಇಲ್ಲ. ಬೂಷ್ಟಿಗೆ ಗ್ಯಾಸ್ ತುಂಬಿಸಿಕೊಂಡು ಬಂದವರ ಕಾರು ಇನ್ನೂ ಚೆನ್ನಾಗಿ ತಂಪಾಗಿ, ಇನ್ನೂ ಚೆನ್ನಾಗಿ ನೀರು ಹನಿಸಿ, ಬೂಷ್ಟಿಗೆ ಇನ್ನೂ ಚೆನ್ನಾಗಿ ನೀರುಣಿಸುತ್ತದೆ.

ನಿಜವಾದ ಕೆಲಸ ನೊರೆಯದು. ಕಾರಿನ ಇವ್ಯಾಪೊರೇಟರಿಗೆಂದೇ ಬರುವ, ತೊಳೆಯಬೇಕಿಲ್ಲದ ಫೋಮ್ ಕ್ಲೀನರಿಗೆ ಉದ್ದನೆಯ ಕೊಳವೆ ಇರುತ್ತದೆ. ಎಂಜಿನ್, ಎಸಿ, ಫ್ಯಾನ್ ಮೂರೂ ಆಫ್. ಕಾಯಿಲು ಒಣಗಿದ್ದರೆ ಒಳ್ಳೆಯದು, ಒದ್ದೆಯಿದ್ದರೆ ನೊರೆ ತೆಳ್ಳಗಾಗುತ್ತದೆ. ಕಾರಿನಡಿ ಎಸಿ ನೀರು ತೊಟ್ಟಿಕ್ಕುವ ರಬ್ಬರ್ ನಳಿಗೆಯಲ್ಲಿ ಕೊಳವೆಯನ್ನು ಮೇಲಕ್ಕೆ, ತಡೆ ಸಿಗುವವರೆಗೆ, ಬಲವಂತ ಮಾಡದೆ ತೂರಿಸಿ ನೊರೆ ಬಿಡಿ. ಮೇಲಿನಿಂದ ಬಿಡುವುದಾದರೆ ನಿಮ್ಮ ಕಾರಿನ ಜೋಡಣೆ ಗೊತ್ತಿರಬೇಕು. ಫಿಲ್ಟರು ಬ್ಲೋವರ್ ಮತ್ತು ಕಾಯಿಲಿನ ನಡುವೆ ಇದ್ದರೆ ಫಿಲ್ಟರಿನ ಖಾನೆಯಿಂದಲೇ ಕಾಯಿಲು ಕಾಣುತ್ತದೆ, ಬೆಳಕು ಹಿಡಿದು ನೋಡಿ ರೆಕ್ಕೆಗಳ ಮೇಲೆಲ್ಲ ನೊರೆ ಹರಡಬಹುದು. ಫಿಲ್ಟರು ಬ್ಲೋವರಿನ ಮೇಲೆ ಕೂತಿದ್ದರೆ ಅಲ್ಲಿ ಬಿಟ್ಟ ನೊರೆ ಮೋಟಾರಿಗೆ ಇಳಿದು, ವಾಸನೆಯ ಜೊತೆ ಫ್ಯಾನೂ ಹೋಗುತ್ತದೆ. ಜನ ಅತ್ಯಂತ ಪ್ರೀತಿಸುವ ವಿಧಾನ ಇವೆರಡೂ ಅಲ್ಲ, ಡ್ಯಾಶ್‌ಬೋರ್ಡಿನ ವೆಂಟಿನ ಬಾಯಿಗೇ ಸ್ಪ್ರೇ ಹೊಡೆಯುವುದು. ಅಲ್ಲಿಂದ ಕಾಯಿಲಿನವರೆಗೆ ತಿರುವುಗಳು, ಕವಾಟಗಳು. ಸ್ಪ್ರೇ ಅಲ್ಲೆಲ್ಲೋ ಮೊದಲ ತಿರುವಿನಲ್ಲೇ ಮುಗಿದುಹೋಗುತ್ತದೆ.

ನೊರೆ ಬಿಟ್ಟು 15ರಿಂದ 20 ನಿಮಿಷ ಕಾಯಿರಿ, ಕ್ಯಾನಿನ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ನೊರೆ ಕರಗಿ ಅಡಿಯ ನಳಿಗೆಯಿಂದ ಕಂದು ಬಣ್ಣದ ನೀರು ಇಳಿಯತೊಡಗುತ್ತದೆ. ಇಷ್ಟು ದಿನ ‘ಸಮುದ್ರದ ತಂಗಾಳಿ’ಯ ಹೆಸರಿನಲ್ಲಿ ಸೇವಿಸಿದ್ದು ಇದರ ಮೇಲೆ ಹಾದು ಬಂದ ಗಾಳಿಯನ್ನು. ನೀರು ಇಳಿಯುವುದು ನಿಂತ ಮೇಲೆ ಕಿಟಕಿಗಳನ್ನೆಲ್ಲ ತೆರೆದು, ಎಸಿ ಇಲ್ಲದೆ, ಹೊರಗಾಳಿಯಲ್ಲಿ, ಹೀಟರ್ ಹಾಕಿ ಹತ್ತು ನಿಮಿಷ ಫ್ಯಾನ್ ಓಡಿಸಿ. ಹೊಸ ಫಿಲ್ಟರು ಹಾಕುವುದು ಇದೆಲ್ಲ ಮುಗಿದ ಮೇಲೆ. ನೀರು ಇಳಿಯಲೇ ಇಲ್ಲವಾದರೆ ನಳಿಗೆಯಲ್ಲಿ ಕೆಸರೋ ಎಲೆಯೋ ಸಿಕ್ಕಿದೆ, ರೋಗದ ಮೂಲವೂ ಬಹುಶಃ ಅದೇ. ಅಂಥ ಕಾರು ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ಬಳಬಳ ಎನ್ನುತ್ತದೆ, ಮುಂದಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ತೂರಿಸಿ ಬಿಡಿಸಬೇಕು, ಸೈಕಲ್ ಕಡ್ಡಿಯಿಂದ ತಿವಿದರೆ ಕಾಯಿಲಿಗೆ ತೂತು ಬಿದ್ದು ಗ್ಯಾಸು ಹೋಗುತ್ತದೆ. ಆಗ ನೋಡಿ, ಗ್ಯಾಸ್ ತುಂಬಿಸುವುದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತು.

ಮನೆಮದ್ದಿನ ಪಂಡಿತರ ಬಗ್ಗೆ ಎರಡೇ ಮಾತು. ಅಡುಗೆ ಸೋಡಾ ಬಟ್ಟಲಲ್ಲಿಟ್ಟರೆ ಸೀಟಿನ ವಾಸನೆ ಒಂದಿಷ್ಟು ತಗ್ಗೀತು, ವೆಂಟಿಗೆ ಸುರಿದರೆ ತೇವ ಹೀರಿ ಗಾರೆಯಾಗುತ್ತದೆ. ಬ್ಲೀಚು ಅಲ್ಯೂಮಿನಿಯಂ ತಿನ್ನುತ್ತದೆ, ಅದಕ್ಕೆ ವಿನಿಗರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಾರಿನ ವಾಸನೆ ಹೋಗಿಸಲು ಹೊರಟು ವಿಷಾನಿಲ ತಯಾರಿಸುವವರಿಗೆ ಹೇಳುವುದೇನಿದೆ.

ಇಲ್ಲಿ ನಗು ಸ್ವಲ್ಪ ಬದಿಗಿರಲಿ. ವೆಂಟಿನಿಂದ ಬರುವುದೆಲ್ಲ ಬೂಷ್ಟಲ್ಲ. ಸಿಹಿಸಿಹಿ ಪಾಕದ ವಾಸನೆ ಬಂದು, ಮುಂಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂತರೆ ಹೀಟರ್ ಕೋರ್, ಅಂದರೆ ಎಂಜಿನ್ನಿನ ಬಿಸಿ ದ್ರವ ಹರಿಸಿ ಒಳಗಾಳಿಯನ್ನು ಬಿಸಿ ಮಾಡುವ ಭಾಗ, ಸೋರುತ್ತಿದೆ. ಆ ಸಿಹಿ ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ್ದು, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಕೊಳೆತ ಮೊಟ್ಟೆಯ ವಾಸನೆಯಾದರೆ ಎಂಜಿನ್ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಮಿತಿಮೀರಿ ಚಾರ್ಜ್ ಆಗುತ್ತಿರುವ ಬ್ಯಾಟರಿ ನೋಡಿಸಿ. ಪ್ಲಾಸ್ಟಿಕ್ ಸುಟ್ಟ ವಾಸನೆಯಾದರೆ ಬ್ಲೋವರಿನ ವೇಗ ಹಿಡಿತದಲ್ಲಿಡುವ ರೆಸಿಸ್ಟರ್ ಅಥವಾ ಅದರ ಕನೆಕ್ಟರ್ ನೋಡಿಸಿ. ಪೆಟ್ರೋಲಿನದಾದರೆ ಓಡಿಸುವುದನ್ನೇ ನಿಲ್ಲಿಸಿ. ಎಂಜಿನ್ ಹೊಗೆ ಒಳಗೆ ಬರುತ್ತಿದ್ದರೆ ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡಿಗೆ ಸ್ವಂತ ವಾಸನೆಯೇ ಇಲ್ಲ, ಹೊಗೆಯ ವಾಸನೆಯೊಂದೇ ಎಚ್ಚರಿಕೆ. ಇಷ್ಟನ್ನೂ ಕಾರು ತನ್ನ ಬಾಯಿಂದಲೇ ಹೇಳುತ್ತದೆ. ಆ ಬಾಯಿಗೆ ನಾವು ಲ್ಯಾವೆಂಡರ್ ಕ್ಲಿಪ್ಪು ಸಿಕ್ಕಿಸಿರುತ್ತೇವೆ.

ಅತ್ತರಿನ ವ್ಯಾಪಾರಿಗಳಿಗೆ ಮನುಷ್ಯನ ಮೂಗೂ ಪಾಲುದಾರ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಹೀಗಾಗಿ ಮಾಲೀಕರಿಗೆ ಹದಿನೈದು ದಿನಕ್ಕೆ ‘ಪರ್ಫ್ಯೂಮು ಮುಗಿಯಿತು’ ಅನ್ನಿಸುತ್ತದೆ, ಹಿಂದಿನ ಸೀಟಿಗೆ ಹತ್ತಿದ ನೆಂಟರಿಗೆ ಉಸಿರು ಕಟ್ಟುತ್ತದೆ. ಬಿಸಿಲಿಗೆ ಸೋರಿದ ಪರ್ಫ್ಯೂಮಿನ ಎಣ್ಣೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಕರಗಿಸಿ ಬಿಳಿ ಕಲೆ ಮಾಡಿರುತ್ತದೆ, ಕ್ಲಿಪ್ಪಿನ ಭಾರಕ್ಕೆ ವೆಂಟಿನ ಪಟ್ಟಿ ಜೋತಿರುತ್ತದೆ. ಕಲೆ ಮುಚ್ಚಲು ಮ್ಯಾಟು, ಮ್ಯಾಟಿನ ಮೇಲೆ ಇನ್ನೊಂದು ಡಬ್ಬಿ.

ಹೀಗೆ ವರ್ಷಗಟ್ಟಲೆ ಪೋಷಿಸಿದ ಕಾಯಿಲಿಗೆ ಒಂದು ದಿನ ನೊರೆಯೂ ನಾಟದಾಗುತ್ತದೆ. ಆಗ ಗ್ಯಾಸನ್ನು ಯಂತ್ರದಿಂದ ಹಿಂದಕ್ಕೆ ಹೀರಿ, ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಕಳಚಿ, ಇಡೀ ಡ್ಯಾಶ್‌ಬೋರ್ಡ್ ಇಳಿಸಿ, ಪೆಟ್ಟಿಗೆ ಬಿಚ್ಚಿ, ಹೊಸ ಕಾಯಿಲು, ಹೊಸ ಓ-ರಿಂಗುಗಳನ್ನು ಕೂರಿಸಿ, ವ್ಯಾಕ್ಯೂಮ್ ಎಳೆದು ಮತ್ತೆ ಗ್ಯಾಸು ತುಂಬಬೇಕು. ಒಂದು ದಿನಕ್ಕೆ ಮುಗಿದರೆ ಪುಣ್ಯ, ಮರುಜೋಡಣೆಯಲ್ಲಿ ನಾಲ್ಕು ಸ್ಕ್ರೂ ಉಳಿದು ಡ್ಯಾಶ್‌ಬೋರ್ಡು ಕಿರಗುಟ್ಟದಿದ್ದರೆ ಮಹಾಪುಣ್ಯ. ಬಿಲ್ಲು ಕಟ್ಟಿ ಕಾರು ಬಿಡಿಸಿಕೊಳ್ಳುವಾಗ ಕೀಲಿಯ ಜೊತೆ ಕೌಂಟರಿನವರು ನಗುನಗುತ್ತ ಒಂದು ಪುಟ್ಟ ಪೊಟ್ಟಣ ಕೊಡುತ್ತಾರೆ. ದೊಡ್ಡ ಕೆಲಸ ಮಾಡಿಸಿದ ಗ್ರಾಹಕರಿಗೆ ಉಚಿತ ಉಡುಗೊರೆ: ವೆಂಟಿಗೆ ಸಿಕ್ಕಿಸುವ ಪರ್ಫ್ಯೂಮು, ಹೊಸ ಕಾರಿನ ಪರಿಮಳ.