ಫೈಂಡ್-ರಿಪ್ಲೇಸ್ ವೀರರಿಗೊಂದು ದೊಡ್ಡ ನಮಸ್ಕಾರ

"ಸಾರ್, ಪಾಸ್‌ವರ್ಡ್ ರೀಸೆಟ್ ಲಿಂಕ್ ಓಪನ್ನೇ ಆಗ್ತಿಲ್ಲ" ಅಂತ ಬೆಳಿಗ್ಗೆ ಕ್ಲೈಂಟ್ ಫೋನ್. ಮೇಲ್ ತರಿಸಿ ನೋಡಿದೆ. ಲಿಂಕ್ ಶುರುವಾಗುವುದೇ 10.0.3.14:8080 ಅಂತ! ಒಳಗಿನ ಸರ್ವರಿನ ಪ್ರೈವೇಟ್ ಐಪಿ ಅದು, ಆ ನೆಟ್‌ವರ್ಕಿನ ಹೊರಗಿನವರಿಗೆ ಸಿಗದ ವಿಳಾಸ. ಜಯನಗರದ ಮನೆಯಲ್ಲಿ ಕೂತು ಒತ್ತಿದವರಿಗೆ ಏನು ಸಿಗಬೇಕು, ಮಣ್ಣು?

ರೋಗ ಹಳೆಯದೇ. ಮುಂದೆ ಬಂದ ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಅವನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್, ಅದರ ಹಿಂದೆ ಆ್ಯಪ್. ಎಂಜಿನ್‌ಎಕ್ಸ್‌ಗೆ ನಾವಾಗಿ ಹೇಳದಿದ್ದರೆ, ಬ್ರೌಸರ್ ಕಳಿಸಿದ ಹೋಸ್ಟ್ ಹೆಸರನ್ನು, ಅಂದರೆ ಸೈಟಿನ ಹೆಸರನ್ನು ಬಿಟ್ಟು, ಪ್ರಾಕ್ಸಿ ಪಾಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಬರೆದ ವಿಳಾಸವನ್ನೇ ಹೋಸ್ಟ್ ಅಂತ ದಾಟಿಸುತ್ತದೆ. ಎಚ್‌ಟಿಟಿಪಿಎಸ್‌ನ ಎನ್‌ಕ್ರಿಪ್ಶನ್ ಕೂಡ ಲೋಡ್ ಬ್ಯಾಲೆನ್ಸರ್‌ನಲ್ಲೇ ಮುಗಿದಿರುತ್ತದೆ, ಒಳಗೆ ಬರುವುದು ಬರೀ ಎಚ್‌ಟಿಟಿಪಿ. ಪಾಪ, ಆ್ಯಪ್ ತನಗೆ ಕಂಡಿದ್ದನ್ನು ಬರೆಯಿತು.

ನನಗೆ ಉರಿದಿದ್ದು ಅದಕ್ಕಲ್ಲ. ಕೋಡ್ ತೆಗೆದರೆ, ಹಿಂದೆ ಮಾಡಿದ ಪುಣ್ಯಾತ್ಮರು ಆ ಐಪಿಯನ್ನು ಸೈಟಿನ ಹೆಸರಿಗೆ ರಿಪ್ಲೇಸ್ ಮಾಡುತ್ತಾ ಹೋಗಿದ್ದಾರೆ. ಹೋಮ್ ಪೇಜಿಗೊಂದು ರಿಪ್ಲೇಸ್, ಬಿಲ್ಲಿನ ಪಿಡಿಎಫ್‌ಗೊಂದು, ಸೈಟ್‌ಮ್ಯಾಪ್‌ಗೊಂದು. ಮೇಲ್ ಮರೆತುಹೋಗಿದೆ. ಮರೆಯದೇ ಇನ್ನೇನು!

ಸರಿಯಾದ ಮದ್ದು ಇಷ್ಟೇ. ಎಂಜಿನ್‌ಎಕ್ಸ್‌ನಲ್ಲಿ ಹೋಸ್ಟ್ ಹೆಡರ್, ಅಂದರೆ ರಿಕ್ವೆಸ್ಟ್ ಜೊತೆ ಸೈಟಿನ ಹೆಸರು ಹೇಳುವ ಸಾಲನ್ನು, ಸರಿಯಾಗಿ ದಾಟಿಸಿ. ಮೂಲ ರಿಕ್ವೆಸ್ಟ್ ಎಚ್‌ಟಿಟಿಪಿಎಸ್ಸೋ ಎಚ್‌ಟಿಟಿಪಿಯೋ ಅಂತ ಹೇಳುವ, ಲೋಡ್ ಬ್ಯಾಲೆನ್ಸರ್ ಕೊಟ್ಟ ಎಕ್ಸ್-ಫಾರ್ವರ್ಡೆಡ್-ಪ್ರೊಟೊ ಹೆಡರನ್ನು ನಂಬು ಅಂತ ಆ್ಯಪ್‌ಗೆ ಹೇಳಿ. ಆ್ಯಪ್ ಕಟ್ಟುವ ಫ್ರೇಮ್‌ವರ್ಕ್‌ಗಳಾದ ಜ್ಯಾಂಗೊ, ಲಾರಾವೆಲ್, ಸ್ಪ್ರಿಂಗ್ ಬೂಟ್, ಎಲ್ಲದರಲ್ಲೂ ಇದಕ್ಕೆ ಸೆಟ್ಟಿಂಗ್ ಇದೆ. ಇದೇ ಕೆಲಸದ ಫಾರ್ವರ್ಡೆಡ್ ಹೆಡರಿಗೆ 2014ರಲ್ಲೇ ಆರ್‌ಎಫ್‌ಸಿ 7239 ಅನ್ನುವ ಇಂಟರ್ನೆಟ್ ಮಾನದಂಡವೂ ಬಂದಾಯಿತು. ನಮ್ಮವರದು ಇನ್ನೂ ತೇಪೆ.

"ಡೆಡ್‌ಲೈನ್ ಇತ್ತು ಸಾರ್" ಅಂತೀರಾ. ಕಾನ್ಫಿಗ್‌ನಲ್ಲಿ ನಾಲ್ಕು ಸಾಲು ಬರೆಯೋಕೆ ಟೈಮಿಲ್ಲ, ರಾಶಿ ಫೈಲ್ ತಿದ್ದೋಕೆ ಇತ್ತು, ಅಲ್ವಾ?

ಹೆಡರ್ ನಂಬುವುದು ಅಪಾಯ ಅನ್ನುವ ಜಾಣರೂ ಇದ್ದಾರೆ. ಹೌದು, ಸಿಕ್ಕಸಿಕ್ಕವರ ಹೆಡರ್ ನಂಬಿದರೆ ಅಪಾಯವೇ. ಅಪಾರ್ಟ್‌ಮೆಂಟ್ ಗೇಟಿನಲ್ಲಿ "ಓನರ್ ಕಡೆಯವನು" ಅಂದವರನ್ನೆಲ್ಲ ಒಳಗೆ ಬಿಡ್ತೀರಾ? ಯಾರೋ ಕಳ್ಳ ಹೋಸ್ಟ್ ಹೆಡರಿನಲ್ಲಿ ತನ್ನ ಡೊಮೇನ್ ಹೆಸರು ಕಳಿಸಿದರೆ ರೀಸೆಟ್ ಲಿಂಕ್ ಅವನ ಮನೆಗೇ ಹೋಗುತ್ತದೆ. ಅದಕ್ಕೇ ಲೋಡ್ ಬ್ಯಾಲೆನ್ಸರ್‌ನಿಂದ ಬಂದದ್ದನ್ನು ಮಾತ್ರ ನಂಬಬೇಕು, ಒಪ್ಪುವ ಹೋಸ್ಟ್‌ಗಳ ಪಟ್ಟಿ ಇಡಬೇಕು. ಮೇಲ್‌ಗೆ ಹೋಗುವ ಲಿಂಕಿಗಂತೂ ರಿಕ್ವೆಸ್ಟ್ ನೋಡಿ ಊಹಿಸುವ ಗೊಡವೆಯೇ ಬೇಡ, ಸೈಟಿನ ವಿಳಾಸವನ್ನು ಕಾನ್ಫಿಗ್‌ನಲ್ಲಿ ಒಂದೇ ಕಡೆ ಬರೆದಿಡಿ. ಆ ನೆಪಕ್ಕೆ ರಿಪ್ಲೇಸ್ ಮಾಡಿ ಅಂತ ಯಾರೂ ಹೇಳಿಲ್ಲ.

ಸಂಜೆಯೊಳಗೆ ಆ ರಿಪ್ಲೇಸ್‌ಗಳನ್ನೆಲ್ಲ ಕಿತ್ತು ಹಾಕಿದೆ. "ನಾಲ್ಕು ಸಾಲಿಗೆ ಇಷ್ಟು ಬಿಲ್ಲಾ?" ಅಂತ ಕ್ಲೈಂಟ್ ಕೇಳಿದರು. ನಿಮ್ಮ ಪ್ರಾಜೆಕ್ಟಿನಲ್ಲೂ ಇಂಥದ್ದೇ ಇದ್ದರೆ ದಯವಿಟ್ಟು ನನಗೆ ಮಾತ್ರ ಹೇಳಬೇಡಿ. ಬಿಪಿ ಮಾತ್ರೆ ರಾತ್ರಿಗೆ ಒಂದೇ ಉಳಿದಿದೆ.